ಅಳುವುದು ಉಪಾಯವೋ, ಲಕ್ಷಣವೋ?

ಕಷ್ಟವನ್ನು ನೇರವಾಗಿ ಎದುರಿಸುವ ಹದಿಹರೆಯದವರು ನೆಮ್ಮದಿಯಾಗಿರುತ್ತಾರೆ, ತಪ್ಪಿಸಿಕೊಳ್ಳುವವರು ಖಿನ್ನತೆಗೋ ಪುಂಡಾಟಿಕೆಗೋ ಜಾರುತ್ತಾರೆ ಎಂಬ ಮಾತನ್ನು ನೀವು ಕೇಳಿರಬಹುದು. ಅದರ ಹಿಂದಿರುವ ಅಧ್ಯಯನಗಳಲ್ಲಿ ಬಹಳಷ್ಟು ನಡೆಯುವುದು ಹೀಗೆ: ತರಗತಿಯಲ್ಲಿ ಎರಡು ಪ್ರಶ್ನಾವಳಿಗಳನ್ನು ಹಂಚುತ್ತಾರೆ. ಕಷ್ಟ ಬಂದಾಗ ಏನು ಮಾಡುತ್ತೀ ಎಂದು ಕೇಳುವುದು ಒಂದು. ಈಚೆಗೆ ನಿನ್ನ ಮನಸ್ಸು, ನಡತೆ ಹೇಗಿದೆ ಎಂದು ಕೇಳುವುದು ಮತ್ತೊಂದು. ಎರಡನ್ನೂ ತುಂಬುವುದು ಅದೇ ಮಗು, ಅದೇ ದಿನ.

ತೊಡಕು ಇಲ್ಲೇ ಇದೆ. ಫ್ರೈಡೆನ್‌ಬರ್ಗ್ ಮತ್ತು ಲೂಯಿಸ್ 1993ರಲ್ಲಿ ರೂಪಿಸಿದ ಮಾಪನಿಯ 18 ಉಪಾಯಗಳಲ್ಲಿ ತನ್ನನ್ನೇ ದೂಷಿಸಿಕೊಳ್ಳುವುದೂ ಒಂದು. ಆಕೆನ್‌ಬಾಕ್ ಅವರ ಸಮಸ್ಯಾ ಪಟ್ಟಿಯಲ್ಲಿ ಅತಿಯಾದ ತಪ್ಪಿತಸ್ಥ ಭಾವ, ಅಳು ಲಕ್ಷಣಗಳಾಗಿ ಬರುತ್ತವೆ. ಹೆಚ್ಚುಕಡಿಮೆ ಒಂದನ್ನೇ ಎರಡು ಕಡೆ ಕೇಳಿದರೆ ಉತ್ತರಗಳು ಹೊಂದದೆ ಇನ್ನೇನಾದೀತು? ಭಾವನೆ ಕುರಿತ ಮಾಪನಿಗಳಲ್ಲಿ ಉಪಾಯವೂ ಸಂಕಟವೂ ಬೆರೆತುಹೋಗಿವೆ ಎಂದು ಆನೆಟ್ ಸ್ಟಾಂಟನ್ ಮತ್ತು ಸಂಗಡಿಗರು 1994ರಲ್ಲೇ ಎಚ್ಚರಿಸಿದ್ದರು.

ಕಾರಣ ಯಾವುದು, ಪರಿಣಾಮ ಯಾವುದು ಎಂಬುದೂ ಒಂದೇ ದಿನದ ಮಾಪನದಿಂದ ತಿಳಿಯದು. ಗೆಳೆಯರಿಂದ ದೂರ ಸರಿದದ್ದರಿಂದ ಹುಡುಗ ಖಿನ್ನನಾದನೋ, ಖಿನ್ನನಾದ್ದರಿಂದ ದೂರ ಸರಿದನೋ?

ನನಗೆ ಹೆಚ್ಚು ಕಾಡುವುದು ಮತ್ತೊಂದು. ತಂದೆ ಕುಡಿದು ಬಂದು ಕೂಗಾಡುವಾಗ ಮೂಲೆಯಲ್ಲಿ ಚಿತ್ರ ಬರೆಯುತ್ತಾ ಕೂರುವ ಹುಡುಗಿಯನ್ನು ನೆನೆಯಿರಿ. ಹೀಗೆ ಗಮನವನ್ನು ಬೇರೆಡೆ ತಿರುಗಿಸುವುದು ಎಂಡ್ಲರ್–ಪಾರ್ಕರ್ ಮಾಪನಿಯಲ್ಲಿ 'ತಪ್ಪಿಸಿಕೊಳ್ಳುವಿಕೆ'. 2000ದಲ್ಲಿ ಕಾನರ್-ಸ್ಮಿತ್ ಮತ್ತಿತರರು ಪ್ರಕಟಿಸಿದ ಮಾಪನಿಯಲ್ಲಿ ಅದೇ ನಡತೆ 'ಹೊಂದಾಣಿಕೆ'. ಒಂದರಲ್ಲಿ ಅವಳು ಅಪಾಯದ ಗುಂಪಿಗೆ ಹತ್ತಿರವಾಗುತ್ತಾಳೆ, ಇನ್ನೊಂದರಲ್ಲಿ ಕ್ಷೇಮದ ಗುಂಪಿಗೆ! ಪರೀಕ್ಷೆಯ ಭಯವಾದರೆ ಓದಿ ಎದುರಿಸಬಹುದು. ತಂದೆಯ ಕುಡಿತ ಅವಳ ಕೈಯಲ್ಲಿಲ್ಲ.

ಹಾಗೆಂದು ಈ ಸಂಶೋಧನೆಯೆಲ್ಲ ಹುಸಿಯಲ್ಲ. ಕಾಂಪಸ್ ಮತ್ತು ಸಂಗಡಿಗರು 2017ರಲ್ಲಿ 212 ಅಧ್ಯಯನಗಳನ್ನು, ಅಂದರೆ 80 ಸಾವಿರಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು, ಒಟ್ಟುಗೂಡಿಸಿ ನೋಡಿದರು. ಸಂಬಂಧ ಇದೆ, ಆದರೆ ಸಾಧಾರಣ ಪ್ರಮಾಣದ್ದು. ಬದಲಿಸಲಾಗದ್ದಕ್ಕೆ ಮನಸ್ಸನ್ನು ಹೊಂದಿಸಿಕೊಳ್ಳುವ ಮಕ್ಕಳಲ್ಲಿಯೂ ಲಕ್ಷಣಗಳು ಕಡಿಮೆಯೇ ಇದ್ದವು. 'ನೇರವಾಗಿ ಎದುರಿಸು' ಎಂಬ ಒಂದೇ ಉಪದೇಶಕ್ಕೆ ಇದು ಆಧಾರವಾಗದು.

ಆದ್ದರಿಂದ ನಿಮ್ಮ ಶಾಲೆಗೆ ಯಾರಾದರೂ ಇಂಥ ಪ್ರಶ್ನಾವಳಿ ತಂದರೆ, ಅದು ಯಾವ ಕಷ್ಟದ ಬಗ್ಗೆ ಕೇಳುತ್ತಿದೆ, ಆರು ತಿಂಗಳ ನಂತರ ಅದೇ ಮಕ್ಕಳನ್ನು ಮತ್ತೆ ನೋಡುವವರಿದ್ದಾರೆಯೇ ಎಂದು ವಿಚಾರಿಸಿ. ಅಂಕ ನೋಡಿ ಮಗುವಿಗೆ ಹಣೆಪಟ್ಟಿ ಹಚ್ಚುವುದು ಆಮೇಲಾಗಲಿ.