ಕಾಲಿನ ಅಳತೆ, ಕಡ್ಡಿಯ ನಾದ

ನಮ್ಮ ಹೊಸೂರು ಅಳತೆಯನ್ನು ನಂಬಿ ಬೆಳೆದ ಊರು. ಟೈಟಾನ್ ಗಡಿಯಾರ, ಟಿವಿಎಸ್ ಗಾಡಿ, ಲೇಲ್ಯಾಂಡ್ ಲಾರಿ ಎಲ್ಲಕ್ಕೂ ಇಲ್ಲಿ ಕಾರ್ಖಾನೆಗಳಿವೆ. ಕೂದಲೆಳೆಯ ವ್ಯತ್ಯಾಸವನ್ನೂ ಗುರುತಿಸುವ ಕಣ್ಣುಗಳಿಗೆ ಒಳ್ಳೆಯ ಸೈಕಲ್ ಅಂಗಡಿಯ ಕೆಲಸ ನೋಡುವುದೇ ಹಬ್ಬ. ಅದಕ್ಕಾಗಿ 40 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋದರೂ ನಷ್ಟವಿಲ್ಲ.

ಅಲ್ಲಿ ವ್ಯಾಪಾರ ಶುರುವಾಗುವುದು ಬೆಲೆಯಿಂದಲ್ಲ, ಕಾಲಿನಿಂದ. ಚಪ್ಪಲಿ ಬಿಚ್ಚಿಸಿ, ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ತೊಡೆಗಳ ನಡುವೆ ಪುಸ್ತಕವೊಂದನ್ನು ಒತ್ತಿ ಹಿಡಿಸಿ ನೆಲದವರೆಗೆ ಅಳೆಯುತ್ತಾರೆ. 80 ಸೆಂಟಿಮೀಟರ್ ಬಂದರೆ ಅದನ್ನು 0.883ರಿಂದ ಗುಣಿಸುತ್ತಾರೆ, ಪೆಡಲಿನ ಕ್ರ್ಯಾಂಕ್ ತಿರುಗುವ ನಡು ಅಚ್ಚಿನಿಂದ ಸೀಟಿನ ಮೇಲ್ಭಾಗಕ್ಕೆ ಸುಮಾರು 70.6 ಸೆಂಟಿಮೀಟರ್. ಇದು ಬರೀ ಮೊದಲ ಅಂದಾಜು. ಆಮೇಲೆ ನಿಮ್ಮನ್ನು ತುಳಿಯಲು ಬಿಟ್ಟು, ಪೆಡಲು ಕೆಳಗಿಳಿದಾಗ ಮಂಡಿ ಎಷ್ಟು ಬಾಗಿದೆ, ಸೊಂಟ ಅತ್ತಿತ್ತ ಓಲಾಡುತ್ತಿದೆಯೇ ಎಂದು ಬಗ್ಗಿ ಕೂತು ನೋಡುತ್ತಾರೆ. ಗಿರಾಕಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ನನಗೆ ಗೊತ್ತಿಲ್ಲ.

ಆದರೆ ನನ್ನ ಮನಸ್ಸು ನಿಲ್ಲುವುದು ಚಕ್ರದ ಬೆಂಡ್ ತೆಗೆಯುವಲ್ಲಿ. ಸ್ಟ್ಯಾಂಡಿಗೆ ಏರಿಸಿದ ಹಿಂದಿನ ಚಕ್ರವನ್ನು ಮೆಕ್ಯಾನಿಕ್ ಮೆಲ್ಲಗೆ ತಿರುಗಿಸುತ್ತಾನೆ. ರಿಮ್ಮು ಒಂದು ಕಡೆ ಸ್ಟ್ಯಾಂಡಿನ ಸೂಚಿಗೆ ತಾಗಿ ಸರ್ ಎನ್ನುತ್ತದೆ. ಕಡ್ಡಿಗಳನ್ನು ತಂಬೂರಿಯ ತಂತಿಯಂತೆ ಒಂದೊಂದಾಗಿ ಮೀಟುತ್ತಾನೆ. ಗೇರಿನ ಬದಿಯ ಕಡ್ಡಿಗಳು ಹೆಚ್ಚು ಬಿಗಿ, ಅವುಗಳ ನಾದ ಏರು; ಎಡಬದಿಯದು ತಗ್ಗು. ಒಂದೇ ಬದಿಯಲ್ಲಿ ಸ್ವರ ತಪ್ಪಿದ ಕಡ್ಡಿ ಸಿಕ್ಕಿದರೆ ನಿಪ್ಪಲಿಗೆ ಕಾಲು ಸುತ್ತು, ಮತ್ತೆ ತಿರುಗಿಸಿ ಇನ್ನರ್ಧ ಕಾಲು. ಕೊನೆಗೆ ಜೋಡಿ ಕಡ್ಡಿಗಳನ್ನು ಅಂಗೈಯಲ್ಲಿ ಹಿಸುಕುತ್ತಾನೆ. ಒಳಗೆ ಉಳಿದ ತಿರುಚು ಟಿಣ್ಣೆಂದು ಬಿಡುತ್ತದೆ. ಈ ಆತುರವಿಲ್ಲದ ಕೈಗೆ ಕೊಡುವ ಕೂಲಿ ಎಂದೂ ದುಬಾರಿಯಲ್ಲ.

ಬಿಗಿಯುವುದಕ್ಕೂ ಇಲ್ಲಿ ಅಳತೆಯುಂಟು: ಕಾರ್ಬನ್ ಹ್ಯಾಂಡಲಿನ ಬೋಲ್ಟಿನ ಬಳಿ 5 ನ್ಯೂಟನ್ ಮೀಟರ್ ಎಂದು ಅಚ್ಚಾಗಿದ್ದರೆ ಟಾರ್ಕ್ ಪಾನಾ ಅಲ್ಲಿಗೇ ನಿಲ್ಲಬೇಕು. ಕೈಯಳತೆಯಲ್ಲಿ ಬಿಗಿದರೆ ಸೀಳು ಬೀಳಬಹುದು.

ಒಳ್ಳೆಯ ಅಂಗಡಿಯವರು ಕಡಿಮೆ ಬೆಲೆಯದನ್ನು ತೋರಿಸಲೂ ಹಿಂಜರಿಯುವುದಿಲ್ಲ. ನಮ್ಮೂರ ಬಳಿಯ ತಳಿ, ಡೆಂಕಣಿಕೋಟೆ ಕಡೆಯ ಏರಿಳಿತಕ್ಕೆ ಸೈಕಲ್ ಬೇಕು ಎಂದರೆ, “ಕಾರ್ಬನ್ ಬೇಡ ಸಾರ್, ಅಲ್ಯೂಮಿನಿಯಂ ಫ್ರೇಮಿಗೆ 32 ಮಿಲಿಮೀಟರ್ ಟೈರ್ ಹಾಕಿಸಿ, ಹತ್ತೋಕೆ ಸಣ್ಣ ಗೇರ್ ಇರಲಿ” ಎನ್ನುತ್ತಾರೆ. ಬಿಲ್ಲು ಕೊಡುವಾಗಲೇ ತಿಂಗಳ ನಂತರ ತರಲು ಹೇಳುತ್ತಾರೆ: ಅಷ್ಟರಲ್ಲಿ ಹೊಸ ಕೇಬಲ್ ಸಡಿಲಗೊಂಡಿರುತ್ತದೆ, ಕಡ್ಡಿಗಳು ಕೂತಿರುತ್ತವೆ, ಗೇರು ಮತ್ತೆ ಹೊಂದಿಸಬೇಕಾಗುತ್ತದೆ.