ಬಿಗ್ ಮಫ್‌ನ ದೀರ್ಘನಾದ

ವಿದ್ಯುತ್ ಗಿಟಾರಿನ ತಂತಿಯಿಂದ ಹೊರಟ ಕ್ಷೀಣ ಸಂಕೇತವನ್ನು ಮಿತಿಮೀರಿ ವರ್ಧಿಸಿ, ಅದರ ತರಂಗಗಳ ಶಿಖರಗಳನ್ನು ಕತ್ತರಿಸಿ, ಆ ವಿಕೃತಿಯಿಂದಲೇ ಒಂದು ನೂತನ ನಾದವನ್ನು ಪಡೆಯುವ ಫಜ್ ಪೆಡಲ್‌ಗಳಲ್ಲಿ, ನ್ಯೂಯಾರ್ಕಿನ ಮೈಕ್ ಮ್ಯಾಥ್ಯೂಸ್ ಅವರ ಎಲೆಕ್ಟ್ರೋ-ಹಾರ್ಮೋನಿಕ್ಸ್ ಸಂಸ್ಥೆಯು 1969ರ ಸುಮಾರಿಗೆ ಹೊರತಂದ ಬಿಗ್ ಮಫ್ ಪೈಗೆ ನಾನು ಅಗ್ರಸ್ಥಾನವನ್ನು ಕೊಡುತ್ತೇನೆ. ಅದರ ಒಡಲಲ್ಲಿರುವುವು ನಾಲ್ಕು ಟ್ರಾನ್ಸಿಸ್ಟರುಗಳು. ನಡುವಣ ಎರಡು ಘಟ್ಟಗಳಲ್ಲಿ ಡಯೋಡುಗಳು ಸಂಕೇತವನ್ನು ಒಮ್ಮೆ ಮೊಟಕುಗೊಳಿಸಿ, ಪುನಃ ವರ್ಧಿತವಾದುದನ್ನು ಮತ್ತೊಮ್ಮೆ ಮೊಟಕುಗೊಳಿಸುವುದರಿಂದ, ಮೀಟಿದ ಸ್ವರವು ಬೇಗನೆ ಅಡಗದೆ, ಕಮಾನಿನಿಂದ ಎಳೆದ ಪಿಟೀಲಿನ ಸ್ವರದಂತೆ ಅಖಂಡವಾಗಿ ನಿಲ್ಲುತ್ತದೆ. ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್ ತಮ್ಮ ನಿಡಿದಾದ ಏಕವಾದನಗಳಿಗೆ ಇದನ್ನು ಆಶ್ರಯಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕೊಳ್ಳುವವನು ಇದರ ಸ್ವಭಾವವನ್ನು ಅರಿತಿರಬೇಕು. ಇದರ ಟೋನ್ ಮಂಡಲವು ನಡುಸ್ಥಾಯಿಯ ಕಂಪನಗಳನ್ನು, ವಿಶೇಷವಾಗಿ 1 ಕಿಲೋಹರ್ಟ್ಸ್‌ನ ಆಸುಪಾಸಿನವನ್ನು, ತಗ್ಗಿಸುವುದರಿಂದ, ಏಕಾಂತದಲ್ಲಿ ಭವ್ಯವೆನಿಸಿದ ನಾದವು ಡ್ರಮ್, ಬೇಸ್‌ಗಳ ಮೇಳದಲ್ಲಿ ಮುಳುಗಿಹೋಗುವುದುಂಟು. ಆದುದರಿಂದ ಅಂಗಡಿಯಲ್ಲಿ ಒಂಟಿಯಾಗಿ ಕೇಳಿ ತೀರ್ಮಾನಿಸದೆ, ವಾದ್ಯವೃಂದದ ನಡುವೆ ಪರೀಕ್ಷಿಸುವುದೇ ಯುಕ್ತ. ಗಿಟಾರಿನ ವಾಲ್ಯೂಮನ್ನು ತಗ್ಗಿಸಿದೊಡನೆ ನಿರ್ಮಲವಾಗುವ ನಾದ ಬೇಕೆನ್ನುವವರಿಗೆ 1966ರಲ್ಲಿ ಲಂಡನ್ನಿನಿಂದ ಬಂದ ಫಜ್ ಫೇಸ್ ಹೆಚ್ಚು ಒಗ್ಗೀತು.

ಬಿಗ್ ಮಫ್‌ನಲ್ಲಿ ನಾದವನ್ನು ದೀರ್ಘಗೊಳಿಸುವ ಸಸ್ಟೇನ್ ಗುಂಡಿಯನ್ನು ಕೊನೆಯವರೆಗೆ ತಿರುಗಿಸುವ ಆಸೆ ಸಹಜವೇ. ಆದರೂ ಅರ್ಧದಲ್ಲಿರಿಸಿದಾಗ ಬೆರಳಿನ ಒತ್ತಡದ ಸೂಕ್ಷ್ಮಭೇದಗಳು ಹೆಚ್ಚಾಗಿ ಉಳಿದುಕೊಳ್ಳುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೂರು ನಾಲ್ಕು ಸ್ವರಗಳ ತುಂಬು ಕಾರ್ಡ್‌ಗಳು ಈ ಪೆಡಲಿನಲ್ಲಿ ಒಂದರೊಳಗೊಂದು ಕಲಸಿಹೋಗುತ್ತವೆ. ಒಂಟಿ ಸ್ವರಗಳೂ ಷಡ್ಜ-ಪಂಚಮಗಳ ಜೋಡಿಯೂ ಅತ್ಯಂತ ಶೋಭಿಸುತ್ತವೆ.