ಕಪ್ಪು ಡ್ರ್ಯಾಗನ್ನೂ ಬಣ್ಣದ ನೆರಳೂ

ನಮ್ಮ ಪೀಣ್ಯದ ಕಡೆ ‘ಚೈನಾ’ ಎಂಬುದು ದೇಶದ ಹೆಸರಾಗಿ ಉಳಿದೇ ಇಲ್ಲ, ಅದೊಂದು ಗುಣವಾಚಕ. ಬೇಗ ಕೆಡುವ ಟಾರ್ಚು ಚೈನಾ, ಮೊದಲ ಗಾಳಿಗೇ ತಿರುವುಮುರುವಾಗುವ ಕೊಡೆ ಚೈನಾ. ಶೆಡ್ಡುಗಳಲ್ಲಿ ಲೇತ್ ನಡೆಸುವ ಅಪ್ಪಂದಿರ ಬಾಯಲ್ಲಿ ಬೇರಿಂಗಿಗೂ ಅದೇ ವಿಶೇಷಣ. ಆ ಅಪ್ಪಂದಿರ ಮಕ್ಕಳೇ ನಮ್ಮ ಶಾಲೆಗೆ ಬರುವವರು. ಏಳನೆಯ ತರಗತಿಯಲ್ಲಿ ಚೀನಾದ ಬಗ್ಗೆ ಏನು ಗೊತ್ತು ಎಂದು ಕೇಳಿದರೆ ಮೊಬೈಲು, ಕೊರೊನಾ, ಗೋಬಿ ಮಂಚೂರಿ ಎಂದು ಮೂರು ಉತ್ತರ ಸಿಗುತ್ತವೆ. ಮಂಚೂರಿ ಹುಟ್ಟಿದ್ದು ಮುಂಬಯಿಯಲ್ಲಿ ಎಂದರೆ ಅವರು ನಂಬುವುದೂ ಇಲ್ಲ.

ಇಂಥ ಮಕ್ಕಳಿಗೆ ಆ ದೇಶದ ಪರಿಚಯ ಮಾಡಿಸಲು ತೊಗಲುಗೊಂಬೆಯನ್ನು ಆರಿಸಿಕೊಂಡವರು ಯಾರೋ ಬುದ್ಧಿವಂತರೇ ಇರಬೇಕು. ಆದರೆ ನನ್ನ ಕೈಗೆ ಬಂದ ಚಟುವಟಿಕೆ ಪುಸ್ತಕದಲ್ಲಿ ಆ ಬುದ್ಧಿ ಶೀರ್ಷಿಕೆಯಲ್ಲೇ ಮುಗಿದುಹೋಗಿತ್ತು. ಕಪ್ಪು ಕಾಗದದಲ್ಲಿ ಡ್ರ್ಯಾಗನ್ ಕತ್ತರಿಸಿ, ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿ, ಗೋಡೆಯ ಮೇಲೆ ಟಾರ್ಚ್ ಬಿಡಿ ಎಂಬಲ್ಲಿಗೆ ಪಾಠ ಮುಗಿಯಿತು. ಕೊನೆಗೆ ಐದು ಅಂಕ.

ಮೊದಲನೆಯದಾಗಿ, ಚೀನಾದ ಗೊಂಬೆಯ ನೆರಳು ಕಪ್ಪಲ್ಲ. ಶಾನ್ಷಿಯಲ್ಲಿ ದನದ ತೊಗಲು, ಹೆಬೈ ಪ್ರಾಂತದ ಲುವಾನ್‌ಝೌ ಕಡೆ ಕತ್ತೆಯ ತೊಗಲು. ಅದನ್ನು ನೆನೆಸಿ, ಬೆಳಕು ಹಾಯುವಷ್ಟು ತೆಳುವಾಗಿ ಹೆರೆದು, ಕೊರೆದು, ಬಣ್ಣ ಹಾಕುತ್ತಾರೆ. ಪರದೆಯ ಮೇಲೆ ಬೀಳುವುದು ಕೆಂಪು, ಹಸಿರು ಬೆಳಕು. ನಾಯಕಿಯ ಮುಖವನ್ನಂತೂ ನೋಡಬೇಕು. ಹುಬ್ಬು, ಕಣ್ಣು, ಮೂಗಿನ ಗೆರೆಗಳನ್ನಷ್ಟೇ ಉಳಿಸಿ ಕೆನ್ನೆಯ ತೊಗಲನ್ನೆಲ್ಲ ಕತ್ತರಿಸಿ ತೆಗೆದುಬಿಡುತ್ತಾರೆ. ಮುಖವಿರಬೇಕಾದ ಜಾಗದಲ್ಲಿ ಬರೀ ಬೆಳಕಿರುತ್ತದೆ. ಇಷ್ಟು ನಯವಾದ ಕಲೆಗೆ ಕಪ್ಪು ಕಾಗದ! ನಮ್ಮನ್ನೆಲ್ಲ ಹಾವಾಡಿಗರೆಂದು ಬರೆಯುತ್ತಿದ್ದ ವಿದೇಶೀ ಪುಸ್ತಕಗಳ ಮೇಲೆ ಸಿಟ್ಟಾಗುವ ನಾವು, ಚೀನಾ ಎಂದರೆ ಡ್ರ್ಯಾಗನ್ ಎಂದು ಬರೆದು ಕೈತೊಳೆದುಕೊಳ್ಳುವುದು ಯಾವ ನ್ಯಾಯ?

ಎರಡನೆಯ ದೂರು ಕತೆಯದು. ಆ ಪುಸ್ತಕದ ಡ್ರ್ಯಾಗನ್ ಎಲ್ಲಿಗೂ ಹೋಗುವುದಿಲ್ಲ, ಯಾರೊಡನೆಯೂ ಮಾತಾಡುವುದಿಲ್ಲ. ಹಾನ್ ವಂಶದ ಚಕ್ರವರ್ತಿ ವೂ ತನ್ನ ಪ್ರಿಯೆಯನ್ನು ಕಳೆದುಕೊಂಡು ಕಂಗೆಟ್ಟಾಗ, ಮಂತ್ರವಾದಿಯೊಬ್ಬ ರಾತ್ರಿ ಪರದೆಯ ಹಿಂದೆ ಅವಳ ಆಕೃತಿಯನ್ನು ತೋರಿಸಿದನಂತೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಕತೆ. ಗೊಂಬೆಯಾಟಕ್ಕೆ ಗಟ್ಟಿ ಆಧಾರ ಸಿಗುವುದು ಬಹಳ ತಡವಾಗಿ, ಸುಂಗ್ ವಂಶದ ಕಾಲದ ಪೇಟೆಬೀದಿಗಳಲ್ಲಿ. ಆದರೂ ಈ ಕತೆ ಹೇಳಿದ ದಿನ ನನ್ನ ತರಗತಿ ನಿಶ್ಶಬ್ದವಾಯಿತು. “ಆ ರಾಣಿ ಮಾತಾಡಿದ್ಳಾ ಮಿಸ್?” ಎಂದು ಕೇಳಿದ ಹುಡುಗನಿಗೆ ಅದಕ್ಕೂ ಎರಡು ತಿಂಗಳ ಹಿಂದೆ ತಾಯಿ ತೀರಿಕೊಂಡಿದ್ದರು. ಅವನಿಗೆ ಚೀನಾ ಅಂದಿನಿಂದ ಅಗ್ಗದ ಟಾರ್ಚಿನ ದೇಶವಲ್ಲ ಎಂದುಕೊಂಡಿದ್ದೇನೆ.

ಇನ್ನೊಂದು ಕತೆಯಂತೂ ನಮ್ಮ ಚರಿತ್ರೆ ಪುಸ್ತಕದಲ್ಲೇ ಇದೆ. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಬರೆದಿಟ್ಟ ಹ್ಯೂಯೆನ್ ತ್ಸಾಂಗ್‌ನನ್ನು ಮಕ್ಕಳು ಎರಡು ಅಂಕದ ಪ್ರಶ್ನೆಗಾಗಿ ಬಾಯಿಪಾಠ ಮಾಡುತ್ತಾರೆ. ಅದೇ ಭಿಕ್ಷು, ಹದಿನಾರನೆಯ ಶತಮಾನದ ‘ಪಶ್ಚಿಮ ಯಾತ್ರೆ’ ಎಂಬ ಕಾದಂಬರಿಯಲ್ಲಿ ಸುನ್ ವುಕಾಂಗ್ ಎಂಬ ತುಂಟ ಕಪಿಯನ್ನು ಕಟ್ಟಿಕೊಂಡು ನಮ್ಮ ದೇಶಕ್ಕೆ ಹೊರಡುತ್ತಾನೆ. ಚೀನಾದ ತೊಗಲುಗೊಂಬೆಯವರಿಗೆ ಅದು ಬಲು ಪ್ರಿಯವಾದ ಕತೆ. ಆ ಕಪಿಗೂ ನಮ್ಮ ಹನುಮಂತನಿಗೂ ನಂಟಿದೆಯೋ ಇಲ್ಲವೋ ಎಂದು ವಿದ್ವಾಂಸರು ಜಗಳವಾಡಿಕೊಳ್ಳಲಿ, ಮಕ್ಕಳಿಗೆ ಆ ಸಂಶಯವೇ ಬರಲಿಲ್ಲ. ಬಿಳಿ ಡ್ರಾಯಿಂಗ್ ಹಾಳೆಗೆ ಬಣ್ಣ ಹಚ್ಚಿ, ಬೆನ್ನಿಗೆ ಕೊಬ್ಬರಿ ಎಣ್ಣೆ ಸವರಿದರೆ ಕಾಗದ ತೊಗಲಿನಂತೆಯೇ ಬೆಳಕು ಬಿಡುತ್ತದೆ. ಮನೆಯಲ್ಲಿ ಮೊಮ್ಮಕ್ಕಳಿರುವವರು ಮಾಡಿ ನೋಡಬಹುದು, ಖರ್ಚಿಲ್ಲ.

ನಮ್ಮ ಗೊಂಬೆಯನ್ನೂ ಅವರದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸ್ವಭಾವವೇ ಬೇರೆ. ಅವರ ಗೊಂಬೆ ಚಿಕ್ಕದು, ಕೈಕಾಲು ಬಿಡಿಬಿಡಿ, ಮೂರು ಕಡ್ಡಿಗಳ ಮೇಲೆ ಕತ್ತಿ ತಿರುಗಿಸುತ್ತದೆ, ಬಗ್ಗಿ ನಮಸ್ಕರಿಸುತ್ತದೆ. ತಲೆಯನ್ನು ಕಳಚಿ ಬೇರೆಯಾಗಿ ಇಡುತ್ತಾರೆ. ಇಲ್ಲದಿದ್ದರೆ ರಾತ್ರಿ ಜೀವ ಬಂದೀತೆಂಬ ನಂಬಿಕೆಯೂ ಉಂಟು. ನಮ್ಮ ತೊಗಲುಗೊಂಬೆ ಹಾಗೆ ಕುಣಿದಾಡುವುದಿಲ್ಲ. ರಾಮಪಟ್ಟಾಭಿಷೇಕದ ಇಡೀ ದರ್ಬಾರು ಒಂದೇ ತೊಗಲಿನಲ್ಲಿ ಗಂಭೀರವಾಗಿ ಕೂತಿರುತ್ತದೆ, ರಾಜ ದೊಡ್ಡವ, ಸೇವಕ ಸಣ್ಣವ. ಕುಣಿಯುವುದೆಲ್ಲ ಹಾಡು, ನಡುವೆ ನುಗ್ಗಿ ಬರುವ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಚಲನೆಯಲ್ಲಿ ಚೀನಾದವರದೇ ಮೇಲು. ಆದರೆ ಊರ ಗೌಡನನ್ನೂ ರಾವಣನನ್ನೂ ಒಂದೇ ಉಸಿರಿನಲ್ಲಿ ಗೇಲಿ ಮಾಡಬಲ್ಲ ನಮ್ಮ ಕಿಳ್ಳೇಕ್ಯಾತನನ್ನು ನಾನು ಅದಕ್ಕಾಗಿ ಬಿಟ್ಟುಕೊಡಲಾರೆ.

ಕಪಿಯ ಆಟದ ತಾಲೀಮಿನಲ್ಲಿ ಎಲ್ಲರೂ ಗೊಂಬೆಯನ್ನು ಟಾರ್ಚಿನ ಹತ್ತಿರ ಹಿಡಿದು ನೆರಳನ್ನು ದೊಡ್ಡದು ಮಾಡುತ್ತಿದ್ದರು. ಒಬ್ಬ ಹುಡುಗಿ ಮಾತ್ರ “ಪರದೆಗೆ ಒತ್ತಿ ಹಿಡೀರಿ, ಇಲ್ಲಾಂದ್ರ ಮಸಕಾಗ್ತದ” ಎಂದಳು. ನೂರಕ್ಕೆ ನೂರು ಸರಿ. ಯಾರು ಹೇಳಿಕೊಟ್ಟರೆಂದರೆ “ಅಜ್ಜ” ಎಂದು ತಲೆ ತಗ್ಗಿಸಿದಳು. ಕೊಪ್ಪಳದ ಕಡೆಯವರು, ತಾಯಿಗೆ ಗಾರ್ಮೆಂಟ್ಸಿನಲ್ಲಿ ಕೆಲಸ. ಮರುದಿನವೇ ಆಕೆ ಶಾಲೆಗೆ ಬಂದು, “ಅದನ್ನೆಲ್ಲ ಕ್ಲಾಸಿನ್ಯಾಗ ಹೇಳಬ್ಯಾಡ್ರೀ ಟೀಚರ್, ಹುಡುಗರು ಆಡಿಕೊಂತಾವ” ಎಂದರು. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲಮ್ಮ, ಇದರಲ್ಲಿ ನಾಚಿಕೆ ಏನು ಎಂದೆ. “ಪ್ರಶಸ್ತಿ ಬಂದದ್ದು ಅವರಿಗ್ರೀ. ಬಾಡಿಗಿ ಮನಿ ಕೇಳೂದು ನಾವು.”

ಚಟುವಟಿಕೆ ಪುಸ್ತಕದ ಮೇಲೆ ನನಗಿರುವ ನಿಜವಾದ ತಕರಾರು ಇದು. ಚೀನಾದ ಗೊಂಬೆ ನಮ್ಮ ತರಗತಿಗಳಿಗೆ ಅಷ್ಟು ಸಲೀಸಾಗಿ ಬರುವುದು ಅದಕ್ಕೆ ನಮ್ಮೂರಿನ ಜಾತಿ ಇಲ್ಲದ್ದರಿಂದ. ಅದನ್ನು ಆಡಿಸುವ ಕೈ ಯಾರದು, ಅವರಿಗೆ ಊರೊಳಗೆ ಮನೆಯಿತ್ತೇ ಎಂದು ಯಾರೂ ಕೇಳಬೇಕಾಗಿಲ್ಲ. ನಮ್ಮ ಗೊಂಬೆಗಳನ್ನೂ ನಾವು ಪ್ರೀತಿಸುತ್ತೇವೆ, ಚಿತ್ರಕಲಾ ಪರಿಷತ್ತಿನ ಗೋಡೆಯ ಮೇಲಿದ್ದರೆ. ಎಂ.ಎಸ್. ನಂಜುಂಡರಾಯರು ಸಂಗ್ರಹಿಸದಿದ್ದರೆ ಅವೂ ಎಲ್ಲಿರುತ್ತಿದ್ದವೋ. ಬಳ್ಳಾರಿಯಲ್ಲಿ ಬೆಳಗಲ್ಲು ವೀರಣ್ಣನವರು ಗಾಂಧೀಜಿಯನ್ನೂ ತೊಗಲುಗೊಂಬೆ ಮಾಡಿ ಆಡಿಸಿದರು. 2023ರಲ್ಲಿ ಅವರು ತೀರಿಕೊಂಡ ಸುದ್ದಿಯನ್ನು ನಮ್ಮ ಸ್ಟಾಫ್ ರೂಮಿನಲ್ಲಿ ಓದಿ ಹೇಳಿದಾಗ, ಅವರು ಯಾರೆಂದು ಇಬ್ಬರು ಕೇಳಿದರು.

ಚೀನಾದಲ್ಲೂ ಎಲ್ಲ ಹೂವಿನ ಹಾಸಿಗೆಯಾಗಿರಲಿಲ್ಲ. 2011ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಅದೇ ಗೊಂಬೆಗಳನ್ನು ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ ಹಳೆಯ ಕಸವೆಂದು ಸುಟ್ಟಿದ್ದರು. ಝಾಂಗ್ ಯಿಮೌ 1994ರಲ್ಲಿ ತೆಗೆದ ‘ಬದುಕು’ ಚಿತ್ರದಲ್ಲಿ ಅದು ಬರುತ್ತದೆ. ಜೂಜಿನಲ್ಲಿ ಮನೆ ಕಳೆದುಕೊಂಡ ಫುಗುಯ್ ಗೊಂಬೆಯಾಡಿಸಿ ಹೊಟ್ಟೆ ಹೊರೆಯುತ್ತಾನೆ. ಗೊಂಬೆಗಳು ಬೆಂಕಿಗೆ ಹೋದ ಮೇಲೆ ಉಳಿದ ಖಾಲಿ ಪೆಟ್ಟಿಗೆಯಲ್ಲಿ ಕೊನೆಗೆ ಮೊಮ್ಮಗನ ಕೋಳಿಮರಿಗಳನ್ನು ಬಿಡುತ್ತಾರೆ. ಮಕ್ಕಳಿಗೆ ತೋರಿಸುವ ಚಿತ್ರವಲ್ಲ, ಟೀಚರುಗಳು ನೋಡಬೇಕಾದ್ದು. ಯೂ ಹುವಾ ಬರೆದ ಮೂಲ ಕಾದಂಬರಿಯಲ್ಲಿ ಗೊಂಬೆಯಾಟವೇ ಇಲ್ಲ, ನಿರ್ದೇಶಕ ತಂದು ಸೇರಿಸಿದ್ದು. ಒಳ್ಳೆಯ ಕೆಲಸ ಮಾಡಿದ.

ಆ ಹುಡುಗಿಯ ತಾಯಿಯೊಡನೆ ಕೂತು ಒಂದು ಒಪ್ಪಂದಕ್ಕೆ ಬಂದಿದ್ದೇವೆ. ಮಗಳು ಕಪಿಯನ್ನು ಆಡಿಸಬಹುದು, ಎಲ್ಲರಿಗೂ ಹಿಡಿಯುವುದನ್ನು ಕಲಿಸಬಹುದು; ಅಜ್ಜನ ಹೆಸರು, ಮನೆತನದ ಮಾತು ಬೇಡ. ಕಿಳ್ಳೇಕ್ಯಾತನನ್ನು ತರುವ ವಿಷಯಕ್ಕೆ ಅವರಿನ್ನೂ ಹೂಂ ಎಂದಿಲ್ಲ. ದಸರಾ ರಜೆಗೆ ಊರಿಗೆ ಹೋದಾಗ ಅತ್ತಿಗೆಯ ಮನೆಯ ಅಟ್ಟದಲ್ಲಿ ಪೆಟ್ಟಿಗೆ ಇದೆಯೋ ಇಲ್ಲವೋ ನೋಡಿಬರುತ್ತೇನೆ ಎಂದಿದ್ದಾರೆ.